ರಂಪಣಿ ಡಿಗ್ರಿ

ನನ್ನ ತಂಗಿ ಹರ್ಷಿತಾ ಬುದ್ಧಿವಂತೆ ಎಂಬ ಬಗ್ಗೆ ಹೊಳೆಗೂ ಕಡಲಿಗೂ ನಡುವಿನ ನಮ್ಮೂರು ತೋಟ ಬೆಂಗ್ರೆಯಲ್ಲಿ ಎರಡು ಮಾತಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಒಬ್ಬ ಹುಡುಗಿಗೆ ತಲೆ ಉಂಟು ಎಂದು ಊರಿಗೆಲ್ಲ ಗೊತ್ತಾದರೆ, ಆ ತಲೆಯನ್ನು ಏನು ಮಾಡಬೇಕೆಂಬುದೂ ಊರಿಗೆಲ್ಲ ಗೊತ್ತಿರುತ್ತದೆ. ತಲೆ ಇರುವವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅವಳಿಗೆ ಹದಿನಾರು. ಮೊದಲ ಪಿಯುಸಿ ಮುಗಿಸಿದ್ದಳು. ಅವಳಿಗೆ ಗಣಿತ ಕಲಿಸುವ ಪೌಲ್ ಸರ್ ಒಂದು ದಿನ ದೋಣಿಯಲ್ಲಿ ಹೊಳೆ ದಾಟಿ ನಮ್ಮ ಮನೆಗೇ ಬಂದರು. ಚಹಾ ಕುಡಿದು, ಹಣೆ ಒರೆಸಿಕೊಂಡು, ಅಮ್ಮನಿಗೆ ಹೇಳಿದರು: "ಇವಳಿಗೆ ಕಲಿಸ್ಲಿಕ್ಕೆ ನನ್ನ ಹತ್ತಿರ ಇನ್ನು ಎಂತದೂ ಇಲ್ಲ ಲಕ್ಷ್ಮಕ್ಕ. ಇವಳು ಕ್ಲಾಸಿನಲ್ಲಿ ಕೈ ಎತ್ತಿದರೆ ನನಗೆ ಹೆದರಿಕೆ ಆಗ್ತದೆ."

ದಾರಿಯನ್ನೂ ಅವರೇ ತೋರಿಸಿದರು. ಪಿಯುಸಿ ಓದುತ್ತಿರುವಾಗಲೇ ಡಿಗ್ರಿ ಶುರು ಮಾಡಬಹುದಾದ ಒಂದು ಆನ್‌ಲೈನ್ ವಿಶ್ವವಿದ್ಯಾಲಯ ಉಂಟಂತೆ, ಪ್ರವೇಶ ಪರೀಕ್ಷೆ ಪಾಸಾದರೆ ಸಾಕಂತೆ. ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದ ಅಡುಗೆಮನೆಯ ಮೂಲೆಯಲ್ಲೇ ಕುಳಿತು ಹರ್ಷಿತಾ ಪರೀಕ್ಷೆ ಬರೆದು ಪಾಸಾದಳು. ಇನ್ನು ಉಳಿದದ್ದು ಫೀಸು, ಮತ್ತು ವಿಡಿಯೋದಲ್ಲಿ ಒಂದು ಸಂದರ್ಶನ. ಮೊದಲ ವರ್ಷ ಓದುವ ಎಂಟು ವಿಷಯಗಳನ್ನು ಸಂದರ್ಶನದಲ್ಲಿ ಹೇಳಬೇಕು. ಒಮ್ಮೆ ಹೇಳಿದ ಮೇಲೆ ಬದಲಿಸುವಂತಿಲ್ಲ. ಹರ್ಷಿತಾಳಿಗೆ ಬೇಕಾದದ್ದು ಗಣಿತ, ಎಂಟಕ್ಕೆ ಎಂಟೂ ಗಣಿತ.

ಕಾಲೇಜಿಗೆ ಹೋಲಿಸಿದರೆ ಫೀಸು ಕಡಿಮೆಯೇ. ಆದರೆ ಮಳೆಗಾಲದಲ್ಲಿ ನಮ್ಮ ಮನೆಗೆ ಯಾವ ಖರ್ಚೂ ಕಡಿಮೆಯಲ್ಲ. ಆಗ ಮೀನು ಹಿಡಿಯುವ ಬೋಟು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಎಂಜಿನ್ ನೋಡಿಕೊಳ್ಳುವ ಅಪ್ಪ ಆ ಎಂಜಿನ್ ಸದ್ದಿಗೇ ಅರ್ಧ ಕಿವಿ ಕಳೆದುಕೊಂಡವರು. ಮನೆಯಲ್ಲಿ ಕುಳಿತು ಇಡೀ ಕೇರಿಗೆ ಟಿವಿ ಕೇಳಿಸುತ್ತಿದ್ದರು. ನಾನು ನಂತೂರಿನ ಒಂದು ಟೈರ್ ಅಂಗಡಿಯಲ್ಲಿ ಬಿಲ್ ಮಾಡುವವಳು; ನನ್ನ ಸಂಬಳ ಮನೆಗೆ ಬರುವಷ್ಟರಲ್ಲಿ ಅಕ್ಕಿಯಾಗಿರುತ್ತದೆ. ಹಾಗಾಗಿ ವಿಷಯ ಅಂಗಾರ ಮಾಮನ ಮುಂದೆ ಹೋಯಿತು. ಮಾಮ ಎಂದರೆ ಅಮ್ಮನ ಅಣ್ಣ. ಅವರು ಹೂಂ ಅನ್ನದೆ ನಮ್ಮ ಮನೆಯ ಮಕ್ಕಳ ಯಾವ ಕೆಲಸವೂ ನಡೆಯುವುದಿಲ್ಲ, ಅಪ್ಪ ಎದುರಿಗೇ ಕುಳಿತಿದ್ದರೂ.

ಮಾಮ ಬಲೆ ರಿಪೇರಿಯ ಶೆಡ್ಡಿನಲ್ಲಿದ್ದರು. ನಮ್ಮ ಬೋಟು ಎಂಟು ಮನೆಯವರು ಸೇರಿ ಮಾಡಿದ್ದು. ಆ ಎಂಟೂ ಮನೆಯ ಗಂಡಸರು ಅಲ್ಲೇ ಇದ್ದರು. ಮಳೆಗಾಲದಲ್ಲಿ ಕೆಲಸವಿಲ್ಲದ ಮೀನುಗಾರರ ಮುಂದೆ ಯಾವ ಯೋಜನೆಯನ್ನೂ ಬಿಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹರ್ಷಿತಾ ಬಿಚ್ಚಿದಳು. ಡಿಗ್ರಿ ಎಂದರೆ ಒಂದೇ ಇಡೀ ವಸ್ತುವಲ್ಲ, ಸಣ್ಣ ಸಣ್ಣ ವಿಷಯಗಳು, ಒಂದೊಂದಕ್ಕೂ ಬೇರೆ ಬೇರೆ ಫೀಸು, ಎಲ್ಲ ಸೇರಿದರೆ ಡಿಗ್ರಿ ಎಂದು ಚೆನ್ನಾಗಿ ಬಿಡಿಸಿ ಹೇಳಿದಳು. ಅಷ್ಟು ಚೆನ್ನಾಗಿ ಹೇಳಬಾರದಿತ್ತು.

ಮಾಮ ಕೈಯಲ್ಲಿದ್ದ ನೂಲು ಕೆಳಗಿಟ್ಟರು. "ತುಂಡು ತುಂಡು ಸೇರಿಸುವುದಾ? ಇದು ನಮ್ಮ ರಂಪಣಿ ಅಲ್ವಾ ಮಾರಾಯ್ತಿ!"

ಈಗಿನ ದೊಡ್ಡ ಬೋಟುಗಳು ಬರುವ ಮೊದಲು ನಮ್ಮವರು ದಡದಲ್ಲೇ ನಿಂತು ರಂಪಣಿ ಬಲೆ ಎಳೆಯುತ್ತಿದ್ದರು. ಆ ಬಲೆ ಯಾರೊಬ್ಬನದ್ದೂ ಅಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಬಲೆ ತರುವುದು, ಎಲ್ಲವನ್ನೂ ಸೇರಿಸಿ ಹೊಲಿಯುವುದು, ಎಲ್ಲರೂ ಸೇರಿ ಹಗ್ಗ ಎಳೆಯುವುದು, ಬಂದ ಮೀನಿನಲ್ಲಿ ಪಾಲು ಮಾಡಿಕೊಳ್ಳುವುದು. ಮಾಮ ಹುಡುಗನಾಗಿದ್ದಾಗ ಹಗ್ಗ ಎಳೆದವರು. ಜಗತ್ತಿನ ಯಾವ ಕಷ್ಟಕ್ಕೂ ರಂಪಣಿಯಲ್ಲಿ ಉತ್ತರವುಂಟು ಎಂದು ಅವರ ನಂಬಿಕೆ. ಆ ದಿನ ಮೊದಲ ಸಲ ಕಷ್ಟವೇ ನಡೆದುಕೊಂಡು ಉತ್ತರದ ಹತ್ತಿರ ಬಂದಿತ್ತು.

"ಎಂಟು ಮನೆ, ಎಂಟು ವಿಷಯ," ಎಂದರು ಮಾಮ. "ಒಂದು ಮನೆಗೆ ಒಂದು ತುಂಡು. ಮುಗೀತು."

ಫೀಸಿನ ಚಿಂತೆ ಒಂದೇ ಮಾತಿಗೆ ಹೋಯಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಖುಷಿ ಮರುದಿನ ಬೆಳಿಗ್ಗೆಯವರೆಗೆ ಇತ್ತು. ಬೆಳಿಗ್ಗೆ ಒಬ್ಬೊಬ್ಬರೇ ತಮ್ಮ ತುಂಡು ತೆಗೆದುಕೊಂಡು ಬರತೊಡಗಿದರು.

ಮೊದಲು ಬಂದದ್ದು ಐಸ್ ಪ್ಲಾಂಟಿನ ಪೂವಪ್ಪಣ್ಣ. "ನಮ್ಮ ಮನೆಯದ್ದು ರೆಫ್ರಿಜರೇಶನ್," ಎಂದರು. ಹಿಂದೆಯೇ ಚಿಕ್ಕಪ್ಪ ಕಮಲೇಶ್. ಅವನಿಗೆ ಜರ್ಮನಿಗೆ ಹೋಗುವ ಆಸೆ ಹತ್ತು ವರ್ಷದಿಂದ ಉಂಟು, ಪಾಸ್‌ಪೋರ್ಟ್ ಇಲ್ಲ. ಅವನ ತುಂಡು ಜರ್ಮನ್ ಭಾಷೆ. ಮಾಮನದ್ದು ಕಡಲಿನ ಕಾನೂನು. ಕೋಸ್ಟ್ ಗಾರ್ಡಿನವರ ಹತ್ತಿರ ಮಾತಾಡಲು ಮನೆಯಲ್ಲಿ ಒಂದು ಜನ ಬೇಕಂತೆ. ನಮ್ಮ ಮೀನು ಕೊಳ್ಳುವ ಹಸೈನಾರ್ ಕಾಕ ಎಂಟು ಮನೆಯವರಲ್ಲಿ ಒಬ್ಬರಲ್ಲದಿದ್ದರೂ, ಒಂದು ಮನೆಯವರು ಹಿಂದೆ ಸರಿದ ಕೂಡಲೇ ಆ ಜಾಗಕ್ಕೆ ಬಂದು ಎಕ್ಸ್‌ಪೋರ್ಟ್ ವ್ಯವಹಾರದ ತುಂಡು ಇಟ್ಟರು. ಬೋಟಿನಲ್ಲಿ ಅಡುಗೆ ಮಾಡುವ ಬೂಬಣ್ಣ ಎಲ್ಲಕ್ಕಿಂತ ಜಾಣ. ವಿಷಯಗಳ ಇಡೀ ಪಟ್ಟಿಯನ್ನು ಓದಿಸಿ, ಫೀಸೇ ಇಲ್ಲದ ಒಂದೇ ವಿಷಯವನ್ನು ಹೆಕ್ಕಿದ. ಅದು ಜೇನು ಸಾಕಣೆ.

"ಮರಳಿನ ಮೇಲೆ ಜೇನು ಎಲ್ಲಿಂದ ಬೂಬಣ್ಣ?" ಎಂದೆ.

"ಫ್ರೀ ಉಂಟಲ್ಲ ದೀಕ್ಷಿತಾ, ಬಿಡ್ಲಿಕ್ಕುಂಟಾ?" ಎಂದ.

ವಾರ ಕಳೆಯುವಷ್ಟರಲ್ಲಿ ಎಂಟು ತುಂಡುಗಳು ಸೇರಿ ಒಂದು ಡಿಗ್ರಿ ತಯಾರಾಯಿತು. ಅದರಲ್ಲಿ ಐಸ್ ಇತ್ತು, ಜರ್ಮನ್ ಇತ್ತು, ಜೇನು ಇತ್ತು, ಮದುವೆ ಛತ್ರ ನಡೆಸುವ ವಿದ್ಯೆ ಕೂಡ ಇತ್ತು. ಗಣಿತ ಮಾತ್ರ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಹರ್ಷಿತಾ ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ. ಅವಳು ಅಳುವ ಜಾತಿಯಲ್ಲ. ಅವಳಿಗೆ ಸಿಟ್ಟು ಬಂದರೆ ಮೂಗಿನ ತುದಿ ಬೆಳ್ಳಗಾಗುತ್ತದೆ.

"ಮಾಮನ ಹತ್ತಿರ ಹೇಳ್ಲಿಕ್ಕೆ ಆಗ್ಲಿಲ್ವಾ, ಗಣಿತ ಬೇಕು ಅಂತ?" ಎಂದು ರೇಗಿದೆ.

"ಹೇಳಿದೆ. ಗಣಿತ ಯಾರ ಮನೆಯ ತುಂಡು ಅಂತ ಕೇಳಿದರು."

"ಮತ್ತೆ?"

"ಯಾರದ್ದೂ ಅಲ್ಲ ಅಂದೆ. ಹಾಗಾದರೆ ಎಲ್ಲಿ ಹೊಲಿಯುವುದು ಅಂತ ಕೇಳಿದರು. ಮತ್ತೆ, ನಿನಗೆ ಗಣಿತ ಬರ್ತದಲ್ಲ, ಬರುವುದನ್ನೇ ಕಲೀಲಿಕ್ಕೆ ಯಾರಾದರೂ ದುಡ್ಡು ಕೊಡ್ತಾರಾ ಅಂದರು."

ನನಗೆ ಮಾಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಕ್ಕದಲ್ಲಿ ಅಪ್ಪ, "ಎಂತ? ಯಾರಿಗೆ ಜ್ವರ?" ಎಂದು ಕೇಳಿ ಮತ್ತೆ ಸಾರು ಬಡಿಸಿಕೊಂಡರು.

ಫೀಸು ಮುಂಗಡವಾಗಿ ಕಟ್ಟಿ ಆದ ಮೇಲೆ ಪಾಲುದಾರರ ಗತ್ತು ಬೇರೆಯೇ ಆಯಿತು. ಪೂವಪ್ಪಣ್ಣ ಹಂಪನಕಟ್ಟೆಗೆ ಹೋಗಿ ವಿಸಿಟಿಂಗ್ ಕಾರ್ಡು ಮಾಡಿಸಿದರು. ಹೆಸರಿನ ಮುಂದೆ 'ಬಿ.ಎಸ್‌ಸಿ. (ಪಾಲು)' ಎಂದಿತ್ತು. ಕಮಲೇಶ್ ಚಿಕ್ಕಪ್ಪ ಬೆಳಿಗ್ಗೆ ಎದುರಾದವರಿಗೆಲ್ಲ "ಗುಟೆನ್ ಮಾರ್ಗನ್" ಎಂದು ಜರ್ಮನ್ ನಮಸ್ಕಾರ ಹೇಳತೊಡಗಿದ. ತಂಗಿ ಇನ್ನೂ ಒಂದು ಪಾಠವನ್ನೂ ಕಲಿತಿರಲಿಲ್ಲ. ಬೂಬಣ್ಣ ಮಾತ್ರ ಎಂದಿನಂತೆ ಇದ್ದ. ಫ್ರೀ ಪಾಲಿಗೆ ಎಷ್ಟು ಗತ್ತು ತೋರಿಸಬಹುದೆಂದು ಅವನಿಗೆ ಅಂದಾಜಿತ್ತು.

ಸಂದರ್ಶನದ ದಿನ ಬಂತು. ಆ ವಾರವಿಡೀ ಗಾಳಿ ಮಳೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಗಟ್ಟಿ ಇಂಟರ್‌ನೆಟ್ ಇರುವುದು ಪೂವಪ್ಪಣ್ಣನ ಐಸ್ ಪ್ಲಾಂಟಿನ ಆಫೀಸಿನಲ್ಲಿ. ಹರ್ಷಿತಾ ಅಲ್ಲೇ ಕೂರುವಂತಿರಲಿಲ್ಲ. ಐಸ್ ಪುಡಿ ಮಾಡುವ ಮೆಷಿನ್ನಿನ ಸದ್ದಿಗೆ ಅಲ್ಲಿ ಮಾತು ಕೇಳುವುದಿಲ್ಲ, ಮತ್ತು ಸಂದರ್ಶನದ ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ಕಟ್ಟುನಿಟ್ಟು. ಹಾಗಾಗಿ ಅಲ್ಲಿಂದ ನಮ್ಮ ಮನೆಯ ಕಿಟಕಿಯವರೆಗೆ ಒಂದು ಕೇಬಲ್ ಎಳೆಯುವುದೆಂದಾಯಿತು. ನಡುವೆ ದಾರಿಯಲ್ಲಿ ಮೊಣಕಾಲು ನೀರು. ಕೇಬಲಿಗೋ ಅಲ್ಲಲ್ಲಿ ಜೋಡಿಸಿ ಟೇಪು ಸುತ್ತಿದ ಗಂಟುಗಳು. ನೀರಿಗೆ ಬಿದ್ದರೆ ಕತೆ ಮುಗಿಯಿತು.

"ಬಿದಿರಿನ ಕೋಲು ನೆಟ್ಟು ಅದಕ್ಕೆ ಕಟ್ಟುವಾ ಮಾಮ," ಎಂದೆ.

ಮಾಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಕೋಲಿಗೆ ಪಾಲು ಕೊಡ್ಲಿಕ್ಕುಂಟಾ? ನಾವು ಎಂತಕ್ಕೆ ಇರುವುದು?"

ಎಂಟು ಪಾಲುದಾರರು ಮತ್ತು ಅವರ ಮನೆಯವರು ಮಳೆಯಲ್ಲಿ ಸಾಲಾಗಿ ನಿಂತರು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಲೆಗಿಂತ ಮೇಲೆ ಎತ್ತಿದ ಕೇಬಲ್. ಕಿಟಕಿಯ ಬಳಿ ಮಾಮ, ಆಮೇಲೆ ಅಪ್ಪ, ಹಸೈನಾರ್ ಕಾಕ, ಕಮಲೇಶ್ ಚಿಕ್ಕಪ್ಪ, ಹೀಗೆ ಸಾಲು ಬಾಗುತ್ತಾ ಹೋಗಿ ಕಟ್ಟಕಡೆಗೆ ಪ್ಲಾಂಟಿನ ಬಾಗಿಲಲ್ಲಿ ಪೂವಪ್ಪಣ್ಣ. ದಾರಿಯಲ್ಲಿ ಹೋಗುವವರು ಬಗ್ಗಿ ನುಸುಳಿ ಹೋದರು. ಒಬ್ಬರೂ ಏನು ಎತ್ತ ಎಂದು ಕೇಳಲಿಲ್ಲ. ನಮ್ಮ ಊರಿನ ಈ ಗುಣ ನನಗೆ ಇಷ್ಟ.

ನಾನು ಮತ್ತು ಅಮ್ಮ ಹೊರಗೆ, ಕಿಟಕಿಯ ಕೆಳಗೆ. ಸಂದರ್ಶನ ಇಂಗ್ಲಿಷಿನಲ್ಲಿ. ಕೇಳಿಸಿಕೊಂಡು ಮಾಮನಿಗೆ ಹೇಳುವುದು ನನ್ನ ಕೆಲಸ. ಮಾಮ ಅಪ್ಪನ ಕೇಳುವ ಕಿವಿಯಲ್ಲಿ ಹೇಳಿದರೆ ಅದು ಸಾಲಿನ ಕೊನೆಯವರೆಗೆ ಹೋಗುತ್ತದೆ.

ಒಳಗೆ ಒಬ್ಬ ಹೆಂಗಸಿನ ದನಿ. ಹರ್ಷಿತಾಳ ಪರೀಕ್ಷೆಯ ಒಂದು ಉತ್ತರದ ಬಗ್ಗೆ ಕೇಳಿದರು. ಇವಳು ಹೇಳಿದಳು. ಆ ಹೆಂಗಸು ನಕ್ಕು ಇನ್ನೊಂದು ಕೇಳಿದರು. ಇವಳು ಅದಕ್ಕೂ ಹೇಳಿ, ತಿರುಗಿ ಒಂದು ಪ್ರಶ್ನೆ ಹಾಕಿದಳು. ಅವರಿಬ್ಬರೂ ಮಾತಾಡುತ್ತಿದ್ದುದರಲ್ಲಿ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ನನ್ನ ತಂಗಿ ಅಷ್ಟು ಹೊತ್ತು, ಅಷ್ಟು ಸಂತೋಷವಾಗಿ ಯಾರ ಹತ್ತಿರವಾದರೂ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಇಂಥವಳನ್ನು ಜೇನು ಸಾಕಲು ಕಳಿಸುತ್ತಿದ್ದೇವಲ್ಲ ಎನಿಸಿತು.

"ಎಂತ ಹೇಳ್ತಾಳೆ?" ಎಂದರು ಮಾಮ.

"ಪರಿಚಯ ಮಾಡ್ಕೊಳ್ತಿದ್ದಾರೆ."

ಆಗ ಆ ಹೆಂಗಸು ಎಂಟು ವಿಷಯ ಯಾವುವು ಎಂದು ಕೇಳಿದರು. ಅಮ್ಮ ನನ್ನ ಕೈ ಹಿಡಿದಳು. ಹರ್ಷಿತಾ ನಿಧಾನವಾಗಿ ಒಂದೊಂದೇ ಹೆಸರು ಹೇಳಿದಳು. ಎಂಟೂ ಗಣಿತ.

"ಈಗ ಎಂತ ಹೇಳಿದಳು?"

ಸುಳ್ಳು ಹೇಳಬಹುದಿತ್ತು. ಮಾಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಒಳಗೆ ಕುಳಿತ ಸಣ್ಣವಳು ಧೈರ್ಯ ಮಾಡಿದ್ದಾಳೆ, ಹೊರಗೆ ನಿಂತ ದೊಡ್ಡವಳು ನಾನು ಹೆದರುವುದೇ? "ಗಣಿತ ಮಾಮ. ಎಂಟೂ ಗಣಿತ. ನಿಮ್ಮ ಯಾರ ತುಂಡೂ ಇಲ್ಲ," ಎಂದೆ.

ಮಾಮ ಅಪ್ಪನ ಕಿವಿಗೆ ಹೇಳಿದರು. ಸುದ್ದಿ ಕೊಡೆಯಿಂದ ಕೊಡೆಗೆ ಹೋಯಿತು. ಕಮಲೇಶ್ ಚಿಕ್ಕಪ್ಪನ ಮುಖ ಸಪ್ಪಗಾಯಿತು. ಹಸೈನಾರ್ ಕಾಕ "ಯಾ ಅಲ್ಲಾ" ಎಂದರು. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಉತ್ತರ ಬಂತು: ಪೂವಪ್ಪ ಕೈ ಬಿಡುತ್ತಾನಂತೆ.

ಒಳಗೆ ಸಂದರ್ಶನ ಇನ್ನೂ ಮುಗಿದಿರಲಿಲ್ಲ. ಆ ಹೆಂಗಸು ಯಾಕೆ ಎಂದು ಕೇಳುತ್ತಿದ್ದರು, ಇವಳು ವಿವರಿಸುತ್ತಿದ್ದಳು. ಈ ಸಾಲಿನಲ್ಲಿ ಒಬ್ಬ ಕೈ ಇಳಿಸಿದರೆ ಸಾಕು, ಕೇಬಲ್ ನೀರಿಗೆ.

ಮಾಮನಿಗೆ ಜೋರಾಗಿ ಕೂಗುವಂತಿರಲಿಲ್ಲ, ಒಳಗೆ ಕೇಳಿಸುತ್ತದೆ. ಹಾಗಾಗಿ ಅವರು ಮುಷ್ಟಿ ಬಿಗಿದು, ಮೀಸೆ ಕುಣಿಸಿ, ಪಿಸುದನಿಯಲ್ಲೇ ಗರ್ಜಿಸಿದರು: "ಬಲೆ ನೀರಿನಲ್ಲಿ ಉಂಟು! ಈಗ ಜಗಳ ಮಾಡ್ಲಿಕ್ಕುಂಟಾ? ಬಿಟ್ಟವನ ಕೈ ಮುರೀತೇನೆ ಅಂತ ಹೇಳು. ದಡಕ್ಕೆ ಬರಲಿ. ಮತ್ತೆ ಬೈಯುವಾ. ನಾನೇ ಬೈತೇನೆ."

ಪಿಸುಮಾತು ಸಾಲು ಹಿಡಿದು ಹೋಯಿತು. ಯಾರೂ ಕೈ ಇಳಿಸಲಿಲ್ಲ. ಗಾಳಿಗೆ ಬೂಬಣ್ಣನ ಕೊಡೆ ಮಗುಚಿ ಹಾರಿತು. ಅವನು ಅದರ ಹಿಂದೆ ಓಡದೆ ಎರಡೂ ಕೈಯಲ್ಲಿ ಕೇಬಲ್ ಹಿಡಿದ. ಎಲ್ಲರ ಮುಖದಲ್ಲೂ ಕೊಲ್ಲುವಷ್ಟು ಸಿಟ್ಟು, ಎಲ್ಲರ ಕೈಯೂ ಮೇಲೆ. ಅಮ್ಮ ಅಳುತ್ತಿದ್ದಳು. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಯಾವುದನ್ನೂ ಸದ್ದು ಮಾಡಿ ಮಾಡುವಂತಿರಲಿಲ್ಲ.

ಸಂದರ್ಶನ ಮುಗಿಯಿತು. ಸೀಟು ಕೊಟ್ಟೆವೆಂದು ಅಲ್ಲೇ ಹೇಳಿದರು.

ಎಲ್ಲರೂ ನಮ್ಮ ಜಗಲಿಗೆ ಬಂದು ತುಂಬಿದರು, ನೀರು ಸುರಿಸುತ್ತಾ. ಬೈಗುಳ ಶುರುವಾಯಿತು. ಪೂವಪ್ಪಣ್ಣ ಮೋಸ ಎಂದರು, ಚಿಕ್ಕಪ್ಪ ಜರ್ಮನಿ ಎಂದ, ಮಾಮ ಕೊಟ್ಟ ಮಾತಿನಂತೆ ಎಲ್ಲರಿಗಿಂತ ಹೆಚ್ಚು ಬೈದರು. ಹರ್ಷಿತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಮೂಗಿನ ತುದಿ ಬೆಳ್ಳಗಿರಲಿಲ್ಲ.

ದನಿಗಳು ಸೋತ ಮೇಲೆ ಮಾಮ ಕೇಳಿದರು: "ಈ ಗಣಿತದಲ್ಲಿ ನಮ್ಮ ಎಂಟು ಮನೆಗೆ ಎಂತ ಸಿಗ್ತದೆ? ಅದೊಂದು ಹೇಳು."

ಏನಾದರೊಂದು ಹೇಳೇ, ಬೋಟಿಗೆ ಉಪಯೋಗ ಆಗ್ತದೆ ಅನ್ನು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಎಂತದೂ ಸಿಗುವುದಿಲ್ಲ ಮಾಮ," ಎಂದಳು ಅವಳು. "ನನಗೆ ಅದು ಇಷ್ಟ. ಅಷ್ಟೇ."

ಮಾಮ ತಲೆಯ ಮುಂಡಾಸು ಬಿಚ್ಚಿ ಹಿಂಡಿದರು. ನೀರೆಲ್ಲ ಹೋಗುವವರೆಗೆ ಹಿಂಡಿ, ಕೊಡವಿ, ಮತ್ತೆ ಕಟ್ಟಿಕೊಂಡರು.

"ಕ್ಲಾಸು ಯಾವಾಗಿನಿಂದ?"

"ಆಗಸ್ಟಿನಿಂದ. ದಿನಾ ಬೆಳಿಗ್ಗೆ ಎಂಟಕ್ಕೆ."

"ಎಂಟಕ್ಕೆ ಆಗುವುದಿಲ್ಲ," ಎಂದರು ಮಾಮ. "ಆಗ ಬೋಟು ಶುರು ಆಗ್ತದೆ. ನಾವು ಬಂದರಿನ ದಕ್ಕೆಯಲ್ಲಿ ಮೀನು ಇಳಿಸಿ ಬರುವಾಗ ಹತ್ತು ಆಗ್ತದೆ. ಹತ್ತಕ್ಕೆ ಶುರು ಮಾಡ್ಲಿಕ್ಕೆ ಹೇಳು ಅವರಿಗೆ. ಕೇಬಲ್ ಹಿಡೀಲಿಕ್ಕೆ ಜನ ಬೇಡ್ವಾ?"