ತಂದದ್ದನ್ನಷ್ಟೇ ಒಯ್ಯಬೇಕು

ಶಂಕರಪ್ಪನಿಗೆ ಜಾಮೀನು ಸಿಕ್ಕಿತೆಂದು ಜೈಲಿನಲ್ಲಿ ಎಲ್ಲರಿಗೂ ಸಂತೋಷ. ಡಾಕ್ಟರ್ ಶುಭಾಗೆ ಮಾತ್ರ ತಲೆ ಚಚ್ಚಿಕೊಳ್ಳುವಂತಾಗಿತ್ತು. ಹತ್ತು ತಿಂಗಳು ಕೊಡದೇ ಇದ್ದ ಜಾಮೀನನ್ನು ಇನ್ನೆರಡು ತಿಂಗಳು ತಡೆದು ಕೊಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಶಂಕರಪ್ಪ ಚಿತ್ರದುರ್ಗದ ಕಡೆಯ ಲಾರಿ ಡ್ರೈವರ್. ಅಪಘಾತದ ಕೇಸಿನಲ್ಲಿ ಆಂಧ್ರದ ಅನಕಾಪಲ್ಲಿಯಾಚೆಯ ಈ ಸಣ್ಣ ಜೈಲಿಗೆ ಬಂದವನಿಗೆ ಜಾಮೀನು ನಿಲ್ಲಲು ಆ ಸೀಮೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಅವನ ಲಾರಿ ಮಾಲೀಕನೇ ಹೇಗೋ ಒಬ್ಬನನ್ನು ಹಿಡಿದು ಒಪ್ಪಿಸಿದ್ದ. ಐವತ್ತು ಜನರ ಬ್ಯಾರಕಿನಲ್ಲಿ ನೂರಿಪ್ಪತ್ತು ಜನ ಮಲಗುವ ಜಾಗ. ಅವನಿಗೆ ಕ್ಷಯ ಅಂಟಿದ್ದು ಅಲ್ಲೇ ಎಂಬುದು ಶುಭಾಳ ಖಚಿತ ನಂಬಿಕೆ. ಬ್ಯಾಂಕಿನಲ್ಲಿದ್ದ ಗಂಡನ ವರ್ಗಾವಣೆಯಿಂದ ವಿಶಾಖಪಟ್ಟಣಕ್ಕೆ ಬಂದಿದ್ದ ಅವಳು ವಾರಕ್ಕೆ ಮೂರು ದಿನ ಇಲ್ಲಿಗೆ ಬಂದು, ನಾಲ್ಕು ತಿಂಗಳು ಎದುರೇ ನಿಂತು ಅವನಿಗೆ ಗುಳಿಗೆ ನುಂಗಿಸಿದ್ದಳು. ಒಟ್ಟು ಆರು ತಿಂಗಳ ಔಷಧಿ. ನಡುವೆ ಬಿಟ್ಟರೆ ರೋಗ ಮತ್ತೆ ಹೆಡೆಯೆತ್ತುತ್ತದೆ, ಆಮೇಲೆ ಯಾವ ಗುಳಿಗೆಗೂ ಬಗ್ಗುವುದಿಲ್ಲ.

ಉಳಿದೆರಡು ತಿಂಗಳ ಗುಳಿಗೆಯನ್ನು ಪೊಟ್ಟಣ ಕಟ್ಟಿ ಅವಳೇ ಅವನ ಕೈಗಿಟ್ಟಳು. ದೇವರು ಕೊಟ್ಟರೂ ಪೂಜಾರಿ ಕೊಡ. ಗೇಟಿನಲ್ಲಿ ಜೈಲರ್ ಸತ್ಯಮೂರ್ತಿ ಪಟ್ಟಿ ಹಿಡಿದು ಕೂತಿದ್ದ. ಒಂದು ಲುಂಗಿ, ಒಂದು ಟವೆಲ್ಲು, ಒಂದು ಬಾಚಣಿಗೆ, ತಿಮ್ಮಪ್ಪನ ಪಟ. ಪೊಟ್ಟಣವನ್ನು ಮಾತ್ರ ಪಕ್ಕಕ್ಕೆ ಸರಿಸಿದ.

"ಇದು ಪಟ್ಟಿಯಲ್ಲಿಲ್ಲ ಮೇಡಂ ಗಾರು. ತಂದದ್ದನ್ನಷ್ಟೇ ಒಯ್ಯಬೇಕು. ಇದು ಜೈಲಿನದು. ಬೇಕಿದ್ದರೆ ಹೊರಗೆ ಕೊಂಡುಕೊಳ್ಳಲಿ."

ಹತ್ತಿರದ ಅಂಗಡಿಗಳಲ್ಲಿ ಆ ಗುಳಿಗೆ ಇರಲಿಲ್ಲ. ವಿಶಾಖಪಟ್ಟಣಕ್ಕೆ ಹೋಗಿ ತರೋಣವೆಂದರೆ, ವಿಜಯವಾಡದ ಒನ್ ಟೌನ್ ಪೇಟೆಗೆ ಬೆಲ್ಲ ಹೇರಿಕೊಂಡು, ಅವನನ್ನು ಕರೆದೊಯ್ಯಲು ಬಂದ ಮಾಲೀಕನ ಲಾರಿ ಆಗಲೇ ಗೇಟಿನ ಹೊರಗೆ ಹಾರನ್ ಹೊಡೆಯುತ್ತಿತ್ತು.

"ಹೋಗ್ಲಿ ಬಿಡ್ರಮ್ಮಾ," ಎಂದ ಶಂಕರಪ್ಪ. "ಈಗ ಗಟ್ಟಿಮುಟ್ಟಾಗಿದೀನಿ. ಕೆಮ್ಮೇ ಇಲ್ಲ. ಗಾಡಿ ಹೊಂಟೈತೆ."

"ನೀನು ಬಾಯ್ಮುಚ್ಕೊಂಡು ನಿಂತ್ಕೋ!" ಎಂದು ಗದರಿಸಿ ಶುಭಾ ಜೈಲರ್ ಕಡೆ ತಿರುಗಿದಳು. "ಅವನು ಕ್ಷಯವನ್ನೂ ತಂದಿರಲಿಲ್ಲ, ಸತ್ಯಮೂರ್ತಿ ಗಾರು. ಅದನ್ನೂ ಇಲ್ಲೇ ಇಳಿಸಿಕೊಂಡು ಕಳಿಸಿ!"

ಸತ್ಯಮೂರ್ತಿ ಕೆಟ್ಟವನಲ್ಲ. ಎದ್ದು ಹೋಗಿ ಶಂಕರಪ್ಪ ಒಳಗೆ ಬಂದ ದಿನದ ಫಾರಮು ತಂದು ಅವಳ ಮುಂದಿಟ್ಟ. 'ಪರೀಕ್ಷಿಸಲಾಗಿದೆ. ಆರೋಗ್ಯವಂತ.' ಕೆಳಗೆ ಅವಳದೇ ಸಹಿ.

ಹೊಸಬರ ಫಾರಮುಗಳು ವಾರಕ್ಕೊಮ್ಮೆ ಕಂತೆಯಾಗಿ ಬರುತ್ತಿದ್ದವು. ಕಾಫಿ ಕುಡಿಯುತ್ತ, ಒಬ್ಬರ ಮುಖವನ್ನೂ ನೋಡದೆ ಅವಳು ಗೀಚಿ ಕೊಡುತ್ತಿದ್ದಳು. ಇವನು ರೋಗವನ್ನು ಇಲ್ಲಿ ಪಡೆದನೋ, ತಾನೇ ತಂದು ನೂರಿಪ್ಪತ್ತು ಜನರಿಗೆ ಹಂಚಿದನೋ, ಯಾರಿಗೆ ಗೊತ್ತು? ಅಂದು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಿದ್ದರೆ ತಾನೆ? ನಾಚಿಕೆಯಿಂದ ಅವಳು ಫಾರಮನ್ನು ಮಗುಚಿಟ್ಟಳು.

ಹೊರಗೆ ಮತ್ತೆ ಹಾರನ್ ಕೇಳಿಸಿತು.

"ಇಲ್ಲಿನ ಸಿಬ್ಬಂದಿಗೆ ಕಾಯಿಲೆಯಾದರೆ ಜೈಲಿನ ಔಷಧಿ ಕೊಡಬಹುದಲ್ಲವೇ?" ಎಂದು ಶುಭಾ ಕೇಳಿದಳು.

"ಕೊಡಬಹುದು."

ಅವಳು ಔಷಧಿ ರಿಜಿಸ್ಟರ್ ಎಳೆದುಕೊಂಡು ಬರೆದಳು: ರೋಗಿ, ಡಾ. ಶುಭಾ. ಕಾಯಿಲೆ, ಕ್ಷಯ. ಎರಡು ತಿಂಗಳ ಗುಳಿಗೆ. ಸುಳ್ಳಿಗೆ ಸಹಿ ಹಾಕಿ ಅಭ್ಯಾಸವಿದ್ದ ಕೈ, ಕೆಳಗೆ ಸಹಿಯನ್ನೂ ಗೀಚಿತು. ಪೊಟ್ಟಣ ತೆಗೆದುಕೊಂಡು, ಶಂಕರಪ್ಪನೊಂದಿಗೆ ಗೇಟಿನ ಹೊರಗೆ ಹೋಗಿ ಅವನ ಜೇಬಿಗೆ ತುರುಕಿದಳು.

"ಒಂದು ದಿನ ತಪ್ಪಿಸಿದ್ರೂ ಸಾಯ್ತೀಯ, ತಿಳ್ಕೋ."

"ತಪ್ಸಲ್ರಮ್ಮಾ," ಎಂದು ಅವನು ಕೈಮುಗಿದು ಲಾರಿ ಹತ್ತಿದ.

ಅವಳು ತಿರುಗಿ ಬಂದಾಗ ಸತ್ಯಮೂರ್ತಿ ಗೇಟಿಗೆ ಅಡ್ಡ ನಿಂತಿದ್ದ.

"ಕ್ಷಯ ಇರುವ ಸಿಬ್ಬಂದಿ ವಾಸಿಯಾಗುವವರೆಗೆ ಒಳಗೆ ಬರುವಂತಿಲ್ಲ ಮೇಡಂ ಗಾರು."

"ಅದು ಸುಳ್ಳೆಂದು ನಿಮಗೆ ಗೊತ್ತಲ್ಲ!"

"ಗೊತ್ತು. ಆದರೆ ಸಹಿ ನಿಮ್ಮದು."

ಒಳಗೆ, ಅಂದಿನ ಗುಳಿಗೆಗಾಗಿ ಅವಳ ದಾರಿ ಕಾಯುತ್ತ ಕೂತಿದ್ದ ಒಂಬತ್ತು ಮಂದಿ ಕ್ಷಯರೋಗಿಗಳನ್ನು ವಾರ್ಡರ್ ಎಬ್ಬಿಸಿ ಬ್ಯಾರಕಿಗೆ ವಾಪಸು ಅಟ್ಟಿದ.