ಇಲಿಗೊಂದು ಬಂದೂಕು

"ಇದಕ್ಕಿಂತ ಜೋರಾದದ್ದು ಇದೆಯೇ?" ಎಂದು ಪ್ರತಾಪ ಇಂಗ್ಲಿಷಿನಲ್ಲಿ ಕೇಳಿದ. ಹಾಗೆ ಕೇಳುತ್ತಿರುವುದು ಇದು ಎರಡನೆಯ ಸಲ. ಗಾಜಿನ ಕೌಂಟರಿನ ಮೇಲೆ ಆಗಲೇ ಎರಡು ಏರ್‌ಗನ್ ಮಲಗಿದ್ದವು. ಅಂಗಡಿಯ ಮುದುಕ ಗಡ್ಡ ಕೆರೆದುಕೊಂಡು ಗಂಡನನ್ನೊಮ್ಮೆ, ಹ್ಯಾಂಡ್‌ಬ್ಯಾಗನ್ನು ಎದೆಗವಚಿಕೊಂಡು ನಿಂತ ಹೆಂಡತಿಯನ್ನೊಮ್ಮೆ ನೋಡಿದ.

"ಏನನ್ನು ಹೊಡೆಯಬೇಕು ಅಂದಿರಿ?"

"ಇಲಿ."

"ಇಲಿ," ಎಂದು ಮುದುಕ ತನಗೆ ತಾನೇ ಹೇಳಿಕೊಂಡ. "ನೋಡಿ, ಇಲಿಗೆ ಈ ಮೊದಲನೆಯದೇ ಧಾರಾಳವಾಯಿತು. ಮೊಲ, ಅಳಿಲು ಅಂದರೆ ಎರಡನೆಯದು. ಇದಕ್ಕೂ ಮೇಲೆ ಹೋದರೆ ಗುಂಡು ಇಲಿಯೊಳಗೆ ನಿಲ್ಲುವುದಿಲ್ಲ. ಗೋಡೆ ದಾಟಿ ಪಕ್ಕದ ಮನೆಯವರ ಕಾರಿಗೆ ಬಡಿಯುತ್ತದೆ."

"ಇರಲಿ, ತೋರಿಸಿ," ಎಂದ ಪ್ರತಾಪ.

ಮುದುಕ ಕೀಲಿಗೊಂಚಲು ಹುಡುಕುತ್ತ ಒಳಗೆ ಹೋದ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟವರ ಮಾತನ್ನು ವಂದನಾ ಕೇಳಿದ್ದಳು. ಇಲಿಯ ಮೇಲೆ ಬಿಡಹೊರಟವನನ್ನು ಈಗ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಇದನ್ನು ಅವನಿಗೇ ಹೇಳಿ ನಗಿಸುತ್ತಿದ್ದಳು. ಇವತ್ತು ಭಯವಾಗಿತ್ತು. ಭಯ ಇಲಿಯದಲ್ಲ, ಪಕ್ಕದ ಮನೆಯವರ ಕಾರಿನದೂ ಅಲ್ಲ. ಈ ಬಂದೂಕು ನಿಜಕ್ಕೂ ಇಲಿಗೇ ಹೌದೋ ಅಲ್ಲವೋ ಎನ್ನುವುದೇ ಅವಳ ಭಯ.

ಕೆನ್ಮೋರ್ ಊರಿನ ಅವರ ಮನೆಯ ಗ್ಯಾರೇಜಿಗೆ ಇಲಿ ಬರುವುದು ಹೊಸದೇನಲ್ಲ. ಮಳೆ ಹಿಡಿಯಿತೆಂದರೆ ಸರೋವರದ ಕಡೆಯಿಂದ ಬರುತ್ತವೆ, ಸೋನಾ ಮಸೂರಿ ಚೀಲದ ಮೂಲೆ ಕಡಿಯುತ್ತವೆ. ಪಾಷಾಣ ಇಡಿ ಎಂದು ಯಾರು ಎಷ್ಟು ಹೇಳಿದರೂ ಪ್ರತಾಪ ಒಪ್ಪುತ್ತಿರಲಿಲ್ಲ. ತಂತಿಯ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ, ಬಿದ್ದ ಇಲಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೊಳೆಯಾಚೆಯ ಪಾರ್ಕಿನಲ್ಲಿ ಬಿಟ್ಟು ಬರುವುದು ಅವನ ಕ್ರಮ. "ಗಣೇಶನ ಗಾಡಿ ಕಣೇ ಅದು, ಪಂಕ್ಚರ್ ಮಾಡೋಕಾಗುತ್ತಾ?" ಎನ್ನುತ್ತಿದ್ದ. ಬೋನಿನ ಬಾಗಿಲೆತ್ತಿ, ನೆಂಟರನ್ನು ಬಸ್ಸು ಹತ್ತಿಸುವವನ ಹಾಗೆ "ಹೋಗಪ್ಪ, ಹುಷಾರು" ಎಂದು ಕಳಿಸಿಕೊಡುತ್ತಿದ್ದ. ಮಗಳು ಶರ್ವಾಣಿ ಚಿಕ್ಕವಳಿದ್ದಾಗ ಹಿಂದಿನ ಸೀಟಿನಿಂದ ಇಲಿಗೆ ಟಾಟಾ ಮಾಡುತ್ತಿದ್ದಳು. "ಈ ಚಳೀಲಿ ಅದು ಬೆಳಿಗ್ಗೆ ಹೊತ್ತಿಗೆ ಸತ್ತೇ ಹೋಗಿರುತ್ತೆ ಬಿಡಿ," ಎಂದು ವಂದನಾ ಒಮ್ಮೆ ರೇಗಿಸಿದ್ದಕ್ಕೆ, "ಬಿಡ್ತು ಅನ್ನು" ಎಂದು ಗದರಿದ್ದ. ಅವನಿಗೆ ಅದು ಬಾಯಿಪಾಠ. ಕೆಟ್ಟ ಮಾತು ಯಾರ ಬಾಯಿಂದ ಬರಲಿ, "ಬಿಡ್ತು ಅನ್ನು" ಎನ್ನದೆ ಬಿಡುತ್ತಿರಲಿಲ್ಲ. ಅದು ಇಲಿಯ ವಿಷಯಕ್ಕಾದರೂ ಸರಿಯೇ.

ಅಂಥ ಮನುಷ್ಯನಿಗೆ ಯುಗಾದಿ ಕಳೆದ ವಾರವೇ ಬೆಲ್ವ್ಯೂ ಡೌನ್‌ಟೌನಿನ ಆಫೀಸಿನಲ್ಲಿ ಕೆಲಸ ಹೋಯಿತು. ಒಂದು ಸಣ್ಣ ವಿಡಿಯೋ ಕಾಲ್, ಅಷ್ಟೇ. ಮೊದಮೊದಲು ಗಡ್ಡ ಬೋಳಿಸಿಕೊಂಡು, ಇಸ್ತ್ರಿಯ ಶರ್ಟು ಹಾಕಿಕೊಂಡು ಕೂತು ಬೇರೆ ಕೆಲಸ ಹುಡುಕಿದ. ಕನ್ನಡದ ಗೆಳೆಯರು ಸಿಕ್ಕರೆ "ಒಂದು ಬ್ರೇಕ್ ತಗೊಂಡಿದೀನಿ" ಎನ್ನುತ್ತಿದ್ದ, ವಂದನಾ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಮಾನದ ಪ್ರಶ್ನೆಯಲ್ಲವೇ! ಆಮೇಲೆ ಗೆಳೆಯರ ಮನೆಗೆ ಹೋಗುವುದೇ ನಿಂತಿತು. ಆಯುಧಪೂಜೆಯ ದಿನ ದೇವರ ಮುಂದೆ ವಂದನಾಳ ಲ್ಯಾಪ್‌ಟಾಪು, ಶರ್ವಾಣಿಯದು, ಕಾರಿನ ಕೀಲಿ ಎಲ್ಲ ಇದ್ದವು. ಪ್ರತಾಪನದು ಅಂತ ಇಡುವುದಕ್ಕೆ ಏನೂ ಇರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಸ್ವಲ್ಪ ಹೊತ್ತು ಕೂತವನು ಎದ್ದು ಗ್ಯಾರೇಜಿಗೆ ಹೋದ.

ಏರ್‌ಗನ್ನಿನ ಹುಚ್ಚು ಶುರುವಾದದ್ದು ಆ ಸಂಜೆಯಿಂದ. ಚೀಲ ಮತ್ತೆ ತೂತಾಗಿತ್ತು, ಅದೊಂದು ನೆಪ. ಫೋನಿನಲ್ಲಿ ಬರೀ ಅದರದೇ ವಿಡಿಯೋ. ಸ್ಪ್ರಿಂಗಿನದು ಒಳ್ಳೆಯದೋ ಗಾಳಿ ತುಂಬುವುದು ಒಳ್ಳೆಯದೋ, ಗುಂಡು ಎಷ್ಟು ದಪ್ಪ, ಎಷ್ಟು ವೇಗ. ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ. "ಹೀ ಈಸ್ ಜಸ್ಟ್ ಬೋರ್ಡ್, ಅಮ್ಮಾ," ಎಂದಳು ಶರ್ವಾಣಿ. ಬರೀ ಬೇಜಾರೇ ಇದ್ದರೂ ಇರಬಹುದು ಎಂದುಕೊಂಡಿದ್ದಳು ವಂದನಾ.

ಆದರೆ ಜೊತೆಗೇ ಇನ್ನೊಂದು ಶುರುವಾಗಿತ್ತು. ಪ್ರತಾಪ ಅವಳಿಗೆ ಮನೆಯ ರಿಪೇರಿ ಕೆಲಸಗಳನ್ನೆಲ್ಲ ಕಲಿಸತೊಡಗಿದ್ದ. ನೀರಿನ ಮೇನ್ ವಾಲ್ವ್ ಯಾವ ಕಡೆ ತಿರುಗಿಸಬೇಕು, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರು ಹೇಗೆ ಬದಲಾಯಿಸಬೇಕು, ಅದರ ಬಾಣದ ಗುರುತು ಎತ್ತ ಮುಖ ಮಾಡಿರಬೇಕು. "ನೀನೊಂದ್ಸಲ ಹಾಕು, ನಾನು ನೋಡ್ತೀನಿ," ಎಂದು ಪಕ್ಕದಲ್ಲಿ ನಿಂತು ಹಾಕಿಸಿದ. ಹಾಕಿದ ಮೇಲೆ, "ಪರವಾಗಿಲ್ಲ, ನೀನು ಮ್ಯಾನೇಜ್ ಮಾಡ್ತೀಯ" ಎಂದ. ಕೈಯ ಧೂಳು ಒರೆಸಿಕೊಳ್ಳುವುದನ್ನು ವಂದನಾ ಅರ್ಧಕ್ಕೇ ನಿಲ್ಲಿಸಿದಳು. ಮದುವೆಯಾದಾಗಿನಿಂದ ಒಂದು ಸ್ಕ್ರೂಡ್ರೈವರ್ ಮುಟ್ಟಲು ಬಿಡದವನು ಇದನ್ನೆಲ್ಲ ಈಗ ಯಾಕೆ ಕಲಿಸುತ್ತಿದ್ದಾನೆ?

ಕೇಳಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಚಟ್ನಿಗೆ ಉಪ್ಪು ಸಾಕಾ ಎಂದು ಕೇಳಿದಳು. ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ, ಬಾಯಲ್ಲಿ ಕೆಟ್ಟದ್ದು ಆಡಬೇಡ ಎಂದು ಬೈಸಿಕೊಂಡು ಬೆಳೆದವಳು ಅವಳು. ಆಫೀಸಿನಲ್ಲಿ ದೊಡ್ಡದೊಡ್ಡ ಮೀಟಿಂಗು ನಡೆಸುವವಳಿಗೆ ಮನೆಯಲ್ಲಿ ಒಂದು ಮಾತು ಆಡಲು ಧೈರ್ಯವಿರಲಿಲ್ಲ. ಆಡಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಹೆದರಿಕೆ.

ಮುದುಕ ಮೂರನೆಯದನ್ನು ತಂದಿಟ್ಟ. ಉದ್ದನೆಯ ಕಪ್ಪು ನಳಿಗೆ, ಅದರ ಕೆಳಗೆ ಗಾಳಿಯ ಸಿಲಿಂಡರು. ಪ್ರತಾಪ ಅದನ್ನು ಎತ್ತಿಕೊಂಡ. ತಿಂಗಳುಗಟ್ಟಲೆಯಿಂದ ಗಂಟಿಕ್ಕಿಕೊಂಡಿದ್ದ ಅವನ ಹುಬ್ಬು ಸಡಿಲವಾಯಿತು, ಮುಖ ಶಾಂತವಾಯಿತು. ಆ ಶಾಂತಿ ಕಂಡು ವಂದನಾಳಿಗೆ ಇನ್ನಷ್ಟು ಹೆದರಿಕೆಯಾಯಿತು.

"ಒಂದೇ ಏಟಿಗೆ ಮುಗಿಯಬೇಕು," ಎಂದ ಪ್ರತಾಪ. "ಒದ್ದಾಡಬಾರದು. ಯಾರಿಗೂ ತೊಂದರೆಯಾಗಬಾರದು."

"ತೋಳದಂಥ ಕಯೋಟಿಯೇ ಬಿದ್ದುಹೋಗುತ್ತದೆ ಇದಕ್ಕೆ. ಇಲಿ ಯಾವ ಲೆಕ್ಕ?"

"ಮನುಷ್ಯ?" ಎಂದಳು ವಂದನಾ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

"ಇದರಿಂದ ಮನುಷ್ಯ ಸಾಯುತ್ತಾನೆಯೇ?"

ಮುದುಕ ಬಂದೂಕಿನ ಹಿಡಿಯ ಮೇಲೆ ಕೈಯಿಟ್ಟ. "ಇದು ಆಟದ ಸಾಮಾನಲ್ಲ, ಮೇಡಂ. ಯಾಕೆ ಕೇಳುತ್ತಿದ್ದೀರಿ?"

ವಂದನಾ ನೋಡುತ್ತಿದ್ದದ್ದು ಗಂಡನ ಮುಖವನ್ನು. ಪ್ರತಾಪ ಬಂದೂಕನ್ನು ಸದ್ದಾಗದ ಹಾಗೆ ಕೌಂಟರಿನ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ಹೋದ. ಮುದುಕ ಅದನ್ನು ತನ್ನ ಕಡೆಗೆ ಎಳೆದುಕೊಂಡು, "ಇವತ್ತು ಬೇಡ," ಎಂದ.

ಪ್ರತಾಪ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ. ವಂದನಾ ಸ್ಟೀರಿಂಗಿನ ಮುಂದೆ ಕೂತು ಬಾಗಿಲು ಹಾಕಿಕೊಂಡಳು. ತುಂತುರು ಗಾಜಿನ ಮೇಲೆ ಕೂರುತ್ತಿತ್ತು.

"ಏನದು, ಅಂಗಡೀಲಿ ಹಾಗೆ ಕೇಳಿದ್ದು?"

"ನೀವು ಇಲಿಗೆ ತಗೋತಿಲ್ಲ," ಎಂದಳು ವಂದನಾ. "ನಿಮಗೆ ತಗೋತಿದೀರ. ನೀವು ಸಾಯೋಕೆ ಹೊರಟಿದೀರ."

ಅಂದೇಬಿಟ್ಟಿದ್ದಳು. ಅಂದು, ಕಾದಳು. "ಬಿಡ್ತು ಅನ್ನು" ಎಂದು ಅವನು ಗದರಬೇಕು. ನಿನಗೆ ತಲೆ ಕೆಟ್ಟಿದೆಯಾ ಎಂದು ರೇಗಬೇಕು. ಟೈರು ಪಂಕ್ಚರ್ ಆಗುತ್ತೇನೋ ಎಂದರೂ ಬಿಡ್ತು ಅನ್ನಿಸುತ್ತಿದ್ದ ಮನುಷ್ಯ. ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ಪಕ್ಕದ ಕಾರಿನವರು ಬಂದು, ಸಾಮಾನು ತುಂಬಿಕೊಂಡು, ಹೊರಟೂ ಹೋದರು.

"ಮೊದಲು ಇಲಿಗೇ ಅಂತಾನೇ ಇತ್ತು ಕಣೇ," ಎಂದ ಕೊನೆಗೆ.

ವಂದನಾಳಿಗೆ ಅಳು ಒತ್ತರಿಸಿಕೊಂಡು ಬಂತು. "ಫರ್ನೇಸ್ ಫಿಲ್ಟರ್ ಹೇಳ್ಕೊಟ್ರಲ್ಲ, ಅವತ್ತೇ ನನಗೆ ಗೊತ್ತಾಯ್ತು. ನನಗೆ ಅದ್ಯಾವುದೂ ಬರಲ್ಲ ರೀ. ವಾಲ್ವೂ ಬರಲ್ಲ, ಫಿಲ್ಟರೂ ಬರಲ್ಲ, ಎಲ್ಲ ಮರ್ತುಬಿಟ್ಟಿದೀನಿ. ನೀವೇ ಹಾಕ್ಬೇಕು. ಎಷ್ಟು ವರ್ಷ ಆದ್ರೂ ನೀವೇ ಹಾಕ್ಬೇಕು."

"ನಿದ್ದೆ ಬರಲ್ಲ ವಂದನಾ. ಬೆಳಿಗ್ಗೆ ನೀನು ಫ್ಯಾಕ್ಟೋರಿಯಾದ ಆಫೀಸಿಗೆ ಹೊರಟೆ, ಅವಳು ಸ್ಕೂಲಿಗೆ ಹೊರಟಳು. ಆಮೇಲೆ ಮನೇಲಿ ನಾನು, ಆ ಇಲಿ." ಅವನು ನಗಲು ನೋಡಿದ, ಆಗಲಿಲ್ಲ. "ಅದಕ್ಕಾದ್ರೂ ಏನೋ ಕೆಲಸ ಇದೆ."

"ಮೊನ್ನೇನೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ನಾಳೆ ಬೆಳಿಗ್ಗೆಗೆ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಾನು ರಜ ಹಾಕ್ತೀನಿ, ಜೊತೇಲಿ ಒಳಗೂ ಬರ್ತೀನಿ."

ಅವನು ಸೀಟ್‌ಬೆಲ್ಟು ಎಳೆದು ಹಾಕಿಕೊಂಡ. ವಂದನಾ ಕಣ್ಣೊರೆಸಿಕೊಂಡು ಕಾರು ತೆಗೆದಳು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡೇ ಓಡಿಸಿದಳು.

ಮನೆಗೆ ಬಂದು ಗ್ಯಾರೇಜಿನ ಬಾಗಿಲು ಮೇಲೇರಿದಾಗ ಅಕ್ಕಿ ಚೀಲದ ಪಕ್ಕದಲ್ಲಿ ಏನೋ ಗಡಗಡ ಅಲ್ಲಾಡಿತು. ಬೋನು. ಒಳಗೊಂದು ಇಲಿ, ಒದ್ದೆ ಮೈಯದು, ತಂತಿ ಕಚ್ಚಿ ಎಳೆಯುತ್ತಿತ್ತು.

"ಯಾರು ಇಟ್ಟಿದ್ದು ಇದನ್ನ?" ಎಂದ ಪ್ರತಾಪ.

"ನಾನೇ, ಬೆಳಿಗ್ಗೆ. ಇಲಿ ಸಿಕ್ಕಿಬಿಟ್ರೆ ಅಂಗಡಿಗೆ ಹೋಗೋದು ತಪ್ಪುತ್ತೆ ಅಂತ. ಹಾಳಾದ್ದು ಲೇಟಾಗಿ ಬಂತು."

ಪ್ರತಾಪ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ನೋಡಿದ. ಆಮೇಲೆ ಹಳೆಯ ಟವೆಲ್ಲು ಹುಡುಕಿ ತಂದು ಬೋನಿಗೆ ಹೊದಿಸಿ, ಎತ್ತಿ ಕಾರಿನಲ್ಲಿಟ್ಟ. ವಂದನಾ ಮತ್ತೆ ಕಾರು ಹತ್ತಿದಳು.

ಹೊಳೆಯಾಚೆಯ ಪಾರ್ಕಿನಲ್ಲಿ ಯಾರೂ ಇರಲಿಲ್ಲ. ಬೆಳಕು ಇಳಿಯುತ್ತಿತ್ತು. ಕಾಗೆಗಳು ದಂಡುದಂಡಾಗಿ ಪಕ್ಕದೂರು ಬಾತಲ್‌ನಲ್ಲಿನ ತಮ್ಮ ಮರಗಳ ಕಡೆಗೆ ಹಾರುತ್ತಿದ್ದವು. ಪ್ರತಾಪ ಒದ್ದೆ ಹುಲ್ಲಿನ ಮೇಲೆ ಬೋನಿಟ್ಟು ಟವೆಲ್ಲು ತೆಗೆದ, ಬಾಗಿಲೆತ್ತಿ ಹಿಡಿದ. ವಂದನಾ ಅವನ ತಲೆಯ ಮೇಲೆ ಕೊಡೆ ಹಿಡಿದು ನಿಂತಳು.

ಇಲಿ ಕದಲಲಿಲ್ಲ. ಬಾಗಿಲು ತೆರೆದಿದ್ದರೂ ಹಿಂದಿನ ಮೂಲೆಗೆ ಒತ್ತಿಕೊಂಡು ಕೂತಿತ್ತು, ಪಕ್ಕೆಗಳು ಮಾತ್ರ ಏರಿಳಿಯುತ್ತಿದ್ದವು.

"ಹೋಗಪ್ಪ," ಎಂದ ಪ್ರತಾಪ. ಇನ್ನೊಮ್ಮೆ ಅಂದ. ಬೋನನ್ನು ಅಲ್ಲಾಡಿಸಲಿಲ್ಲ, ತಟ್ಟಲಿಲ್ಲ. ಎತ್ತಿ ಹಿಡಿದ ಬಾಗಿಲನ್ನು ಬಿಡಲೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ವಂದನಾ ಅಂದಳು: "ಇವತ್ತು ನೀವು ಆ ಬಂದೂಕನ್ನ ಮನೆಗೆ ತಂದಿದ್ರೆ, ಮುಂದಿನ ವಾರ ಈ ಹೊತ್ತಿಗೆ ನೀವೇ ಇರ್ತಿರ್ಲಿಲ್ವೇನೋ ರೀ."

ಪ್ರತಾಪ ತಲೆಯೆತ್ತಲಿಲ್ಲ. ಮಳೆಹನಿ ಕೊಡೆಯ ಅಂಚಿನಿಂದ ಅವನ ಬೆನ್ನ ಮೇಲೆ ಬೀಳುತ್ತಿತ್ತು.

"ಬಿಡ್ತು ಅನ್ನು," ಎಂದ, ಬಹಳ ಮೆಲ್ಲಗೆ.

ವಂದನಾ ಕೊಡೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡ್ತು," ಎಂದಳು.

ಇಲಿ ಮೂಲೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಬಾಗಿಲಿನ ಹತ್ತಿರ ನಿಂತು, ಹೊರಗಿನ ಗಾಳಿಯನ್ನು ಮೂಸಿ ನೋಡತೊಡಗಿತು.