ಹಂಪಕ್ಕನ ಜೇಬು

ಜೇಬಿನ ಹೊಸ ಮಾದರಿ ಯಾರದೋ ಅವರ ಹೆಸರನ್ನೇ ಬಂಡಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯ ಪದ್ಧತಿ. ಅಂದು ಹಂಪಕ್ಕ ಕೆಲಸಕ್ಕೆ ಬಂದು ನೋಡಿದರೆ, ತಾನು ಹೊಲಿದು ಮಾಸ್ಟರ್ ಮಾರೇಶನಿಗೆ ಫೋಟೋ ಕಳಿಸಿದ್ದ ನವಿಲುಗರಿ ಜೇಬಿನ ಬಂಡಲುಗಳ ಮೇಲೆಲ್ಲ ಅವನದೇ ಹೆಸರು! ಪಿತ್ತ ನೆತ್ತಿಗೇರಿ ಅವಳು ನೇರವಾಗಿ ಯಜಮಾನರ ಮುಂದೆ ನಿಂತಳು.

ಅಲ್ಲೇ ಇದ್ದ ಮಾರೇಶ ನಗುತ್ತ ತನ್ನ ಫೋನ್ ಚಾಚಿದ. "ಈಕಿ ವಾಟ್ಸಾಪಿನಾಗ ಕಳಿಸಿದ ಫೋಟೋ ನೋಡ್ರಿ. ತಾರೀಕು ಏಪ್ರಿಲ್ ಹತ್ತು. ನಾ ಹೊಲಿದದ್ದು ಅದೇ ತಿಂಗಳ ಒಂದನೇ ತಾರೀಕು."

ವಾಟ್ಸಾಪಿನಲ್ಲಿ ಹೋದ ಫೋಟೋ ತನ್ನ ಹುಟ್ಟಿದ ದಿನವನ್ನೇ ಕಳೆದುಕೊಳ್ಳುತ್ತದೆ, ಕಳಿಸಿದ ದಿನವನ್ನಷ್ಟೇ ತೋರಿಸುತ್ತದೆ; ತೆಗೆದ ಫೋನಿನಲ್ಲಿರುವ ಮೂಲ ಫೋಟೋದಲ್ಲಿ ಅದು ಹಾಗೇ ಇರುತ್ತದೆ ಎಂದು ಮಗಳು ಭವ್ಯಾ ಹೇಳಿಕೊಟ್ಟಿದ್ದಳು. ಹಂಪಕ್ಕ ತನ್ನ ಫೋನಿನಲ್ಲಿ ಮೂಲ ಫೋಟೋ ತೆರೆದು 'ವಿವರ' ಒತ್ತಿದಳು.

"ಜೋರಾಗಿ ಓದ್ರಿ, ಯಜಮಾನ್ರ."

"ಜನವರಿ ಹನ್ನೆರಡು, ಬೆಳಿಗ್ಗೆ ಆರೂವರೆ, ರಾಯದುರ್ಗ..." ಯಜಮಾನರು ತಲೆಯೆತ್ತಿ ಮಾರೇಶನನ್ನು ದುರುಗುಟ್ಟಿ ನೋಡಿದರು. ಹೊಲಿಗೆ ಸಾಲಿನ ಹೆಂಗಸರು ಮಷೀನು ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ಹಂಪಕ್ಕ ಮೊದಲ ಬಂಡಲಿನ ಮೇಲಿದ್ದ ಹೆಸರನ್ನು ಅಂಗೈಯಿಂದ ಉಜ್ಜಿ, ತನ್ನದನ್ನು ಎರಡರಷ್ಟು ದೊಡ್ಡದಾಗಿ ಬರೆದಳು. ಆಮೇಲೆ ಸೀಮೆಸುಣ್ಣವನ್ನು ಮಾರೇಶನ ಕೈಗಿತ್ತಳು.

"ಉಳಿದ ಬಂಡಲಿಗೆಲ್ಲ ನೀವೇ ಬರೀರಿ, ಮಾಸ್ಟ್ರ."